ಆಸೆಯ ಕಾಲೇಜಿನ ಎಸ್ಸೇ ಮೊದಲು ಬೇಡ

ಪ್ರಶ್ನೆ: ನಮಸ್ತೆ ಮೇಡಂ. ನಾನು ಶಿವಮೊಗ್ಗದಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಎಂಜಿನಿಯರಿಂಗ್‌ಗೆ ಅಮೆರಿಕಕ್ಕೆ ಅರ್ಜಿ ಹಾಕುವ ಆಸೆ. ಪಟ್ಟಿಯಲ್ಲಿ ಎಂಐಟಿ, ಮಿಶಿಗನ್, ಪರ್ಡ್ಯೂ ಇವೆ. ಜೊತೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಮತ್ತು ಸ್ಯಾನ್ ಡಿಯಾಗೊ. ಅರ್ಜಿಯ ಜೊತೆ ಒಬ್ಬೊಬ್ಬರೂ ನಮ್ಮ ಬಗ್ಗೆ ಬೇರೆ ಬೇರೆ ಎಸ್ಸೇ ಕೇಳುತ್ತಾರೆ. ಇತ್ತ ಕಾಲೇಜು, ಟ್ಯೂಷನ್, ಜೆಇಇ ತಯಾರಿ. ಯಾವುದನ್ನು ಯಾವಾಗ ಬರೆಯಲಿ? ಎಂಐಟಿ ನನ್ನ ಕನಸು. ಅದನ್ನೇ ಮೊದಲು ಮುಗಿಸೋಣ ಅಂದುಕೊಂಡಿದ್ದೇನೆ.

ಉತ್ತರ: ಎಂಐಟಿಯನ್ನು ಮೊದಲು ಬರೆಯಬೇಡ. ಅದನ್ನು ಕೊನೆಗಿಟ್ಟುಕೋ.

ಪಿಯು ಮಕ್ಕಳು ಬರೆದ ಇಂಥ ಎಸ್ಸೇಗಳನ್ನು ನಾನು ಪ್ರತಿ ವರ್ಷ ಓದುತ್ತೇನೆ. ಮೊದಲನೆಯದು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನ ಅಂದರೆ ತುಂಬಾ ಇಷ್ಟ’. ತಪ್ಪು ಮಕ್ಕಳದ್ದಲ್ಲ. ಹತ್ತು ವರ್ಷ ಪರೀಕ್ಷೆಗೆ ಬರೆದ ಕೈ ಅದು. ತನ್ನ ಬಗ್ಗೆ ತಾನೇ ಬರೆದು ಅಭ್ಯಾಸವಿಲ್ಲ. ಮೂರನೆಯದೋ ನಾಲ್ಕನೆಯದೋ ಬರೆಯುವಾಗ ಆ ಬಿಗಿ ಸಡಿಲವಾಗುತ್ತದೆ, ಸ್ವಂತ ಮಾತು ಬರುತ್ತದೆ. ಆ ಹೊತ್ತಿಗೆ ನಿನ್ನ ಮುಂದೆ ಎಂಐಟಿಯ ಪ್ರಶ್ನೆಗಳಿರಲಿ.

ಶುರು ಕ್ಯಾಲಿಫೋರ್ನಿಯಾದಿಂದ ಮಾಡು. ಬರ್ಕ್ಲಿ, ಸ್ಯಾನ್ ಡಿಯಾಗೊ ಎರಡಕ್ಕೂ ಒಂದೇ ಅರ್ಜಿ. ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ, ಒಂದೊಂದಕ್ಕೂ 350 ಪದದೊಳಗೆ ಬರೆಯಬೇಕು. ಪ್ರಶ್ನೆಗಳು ತುಂಬಾ ನೇರ. ಯಾವ ಕಷ್ಟ ಎದುರಿಸಿದೆ, ಯಾವ ವಿಷಯ ನಿನಗೆ ಇಷ್ಟ, ನಿನ್ನ ಊರಿಗೋ ಶಾಲೆಗೋ ಏನು ಮಾಡಿದೆ, ಈ ಥರ. ಇಲ್ಲಿ ಸಾಹಿತ್ಯ ಬೇಕಿಲ್ಲ, ವಿಷಯ ಬೇಕು. ಈ ನಾಲ್ಕು ಬರೆದರೆ ಬೇರೆ ಎಸ್ಸೇಗಳಿಗೆ ಬೇಕಾದ ಸರಕೆಲ್ಲ ಹೊರಗೆ ಬಂದಿರುತ್ತದೆ.

ಅದು ಹೇಗೆ ಅನ್ನುವುದಕ್ಕೆ ನಮ್ಮ ಕಾಲೇಜಿನ ಒಬ್ಬ ಹುಡುಗನ ಉದಾಹರಣೆ ಕೊಡುತ್ತೇನೆ. ಅವನ ಮನೆಯ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಬರುತ್ತಿದ್ದುದು ರಾತ್ರಿ ಹೊತ್ತು. ಅಪ್ಪ ಟಾರ್ಚ್ ಹಿಡಿದು ಹೋಗಿ ಪಂಪ್‌ಸೆಟ್ ಹಾಕಿ ಬರಬೇಕಿತ್ತು. ಹುಡುಗ ಹಳೇ ಮೊಬೈಲ್ ಮತ್ತು ರಿಲೇ ಜೋಡಿಸಿ, ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಓಡುವ ಹಾಗೆ ಮಾಡಿದ. ಒಂದು ಸಲ ಸ್ಟಾರ್ಟರ್ ಡಬ್ಬಿಯೊಳಗೆ ಹಲ್ಲಿ ಸಿಕ್ಕಿಕೊಂಡು ಕಾಯಿಲ್ ಸುಟ್ಟುಹೋಯಿತು. ಮತ್ತೆ ಬಿಚ್ಚಿ, ಡಬ್ಬಿಯ ಸಂದಿಗೆಲ್ಲ ಸೈಕಲ್ ಟ್ಯೂಬ್ ತುಂಡು ತುರುಕಿ ಸರಿ ಮಾಡಿದ. ಕ್ಯಾಲಿಫೋರ್ನಿಯಾದ ‘ನಿನ್ನ ಸೃಜನಶೀಲತೆ’ ಪ್ರಶ್ನೆಗೆ ಅವನು ಬರೆದಿದ್ದು ಆ ಡಬ್ಬಿಯ ಬಗ್ಗೆ. ‘ಈ ಕೋರ್ಸ್ ಯಾಕೆ’ ಅಂತ ಇನ್ನೊಂದು ಕಡೆ ಕೇಳಿದಾಗ, ಕರೆಂಟ್ ಹಂಚಿಕೆಯ ಬಗ್ಗೆ ಅವನಿಗೆ ಹುಟ್ಟಿದ ಪ್ರಶ್ನೆಗಳನ್ನು ಬರೆದ. ಕಾಮನ್ ಆ್ಯಪ್‌ನ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ತಾಣ) 650 ಪದದ ದೊಡ್ಡ ಎಸ್ಸೇಯಲ್ಲಿ ಡಬ್ಬಿಯ ಮಾತು ಎರಡೇ ಸಾಲು. ಉಳಿದದ್ದೆಲ್ಲ ರಾತ್ರಿ ಅಪ್ಪನ ಹಿಂದೆ ಬದುವಿನ ಮೇಲೆ ನಡೆಯುತ್ತಾ ಆಡಿದ ಮಾತು. ಒಂದೇ ಅನುಭವ, ಮೂರು ಬೇರೆ ಬೇರೆ ಎಸ್ಸೇ. ಕಾಪಿ ಪೇಸ್ಟ್ ಒಂದು ಸಾಲೂ ಇರಲಿಲ್ಲ.

ಈಗ ತಿಂಗಳ ಲೆಕ್ಕಕ್ಕೆ ಬರೋಣ. ಜೂನ್, ಜುಲೈನಲ್ಲಿ ಕ್ಯಾಲಿಫೋರ್ನಿಯಾದ ನಾಲ್ಕು, ಆಮೇಲೆ ಕಾಮನ್ ಆ್ಯಪ್‌ನ ದೊಡ್ಡದು. ಭಾನುವಾರ ಬೆಳಗ್ಗೆ ಎರಡು ಗಂಟೆ ಕೂತರೆ ಸಾಕು, ಜೆಇಇ ಓದು ಕೆಡುವುದಿಲ್ಲ. ಬರೆದದ್ದನ್ನು ಒಂದು ವಾರ ಮುಟ್ಟಬೇಡ. ಮುಂದಿನ ಭಾನುವಾರ ಜೋರಾಗಿ ಓದಿ ತಿದ್ದು. ಈ ಒಂದು ವಾರದ ಬಿಡುವಿಗಾಗಿಯೇ ನಾನು ಜೂನ್‌ನಿಂದ ಶುರು ಮಾಡು ಅನ್ನುವುದು. ಬರೆಯುವುದಕ್ಕೆ ಅಷ್ಟು ಸಮಯ ಬೇಕಾಗುವುದಿಲ್ಲ, ಬರೆದದ್ದು ಹೇಗಿದೆ ಅಂತ ಕಣ್ಣಿಗೆ ಕಾಣುವುದಕ್ಕೆ ಬೇಕು.

ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ ಹೊಸ ವರ್ಷಕ್ಕೆ ತೆರೆಯುತ್ತದೆ. ಮಿಶಿಗನ್, ಪರ್ಡ್ಯೂ ಎರಡೂ ಅದರಲ್ಲೇ ಸಿಗುತ್ತವೆ. ಕಾಲೇಜುಗಳ ಸ್ವಂತ ಪ್ರಶ್ನೆಗಳು ವರ್ಷ ವರ್ಷ ಬದಲಾಗಬಹುದು, ಹಾಗಾಗಿ ಹಳೇ ಪ್ರಶ್ನೆ ನೋಡಿ ಬರೆಯಲು ಹೋಗಬೇಡ. ಹೊಸದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ ಪದಮಿತಿ ಬರೆದುಕೋ. ನಿನ್ನ ಊರು, ಮನೆ, ಸುತ್ತಲಿನವರ ಬಗ್ಗೆ ಕೇಳಿದ್ದಕ್ಕೆ ಕ್ಯಾಲಿಫೋರ್ನಿಯಾದ ಸರಕು ಆಗುತ್ತದೆ. ‘ನಮ್ಮ ಕಾಲೇಜೇ ಯಾಕೆ’ ಅಂತ ಕೇಳಿದ್ದು ಮಾತ್ರ ಪ್ರತಿ ಸಲ ಹೊಸದಾಗಿ ಬರೆಯಬೇಕು. ಅಲ್ಲಿನ ಲ್ಯಾಬ್, ಕೋರ್ಸ್, ಪ್ರೊಫೆಸರ್‌ಗಳ ಕೆಲಸ ಓದದೆ ಅದು ಆಗುವ ಕೆಲಸವಲ್ಲ. ಸೆಪ್ಟೆಂಬರ್ ಪೂರ್ತಿ ಅದಕ್ಕಿಡು. ಲೆಕ್ಚರರ್‌ಗಳ ಹತ್ತಿರ ಶಿಫಾರಸು ಪತ್ರವನ್ನೂ ಆಗಲೇ ಕೇಳಿಬಿಡು.

ಮಿಶಿಗನ್ ಮತ್ತು ಪರ್ಡ್ಯೂಗಳ ಅರ್ಲಿ ಆ್ಯಕ್ಷನ್ ಸುತ್ತಿಗೆ (ಬೇಗ ಅರ್ಜಿ ಹಾಕಿ ಬೇಗ ಉತ್ತರ ಪಡೆಯುವ ಸುತ್ತು, ಸೀಟು ಸಿಕ್ಕರೂ ಸೇರಲೇಬೇಕು ಅಂತಿಲ್ಲ) ನವೆಂಬರ್ 1 ಕೊನೇ ದಿನ. ನಮ್ಮಲ್ಲಿ ರಾಜ್ಯೋತ್ಸವ, ಕೆಲವು ವರ್ಷ ಪಕ್ಕದಲ್ಲೇ ದೀಪಾವಳಿ. ಬ್ಯಾಂಕ್ ಬಾಗಿಲು ಹಾಕಿರುತ್ತದೆ. ಅಪ್ಪನ ಕಾರ್ಡಿನಲ್ಲಿ ಹೊರದೇಶದ ಪೇಮೆಂಟ್ ಆನ್ ಆಗಿಲ್ಲ ಅಂತ ಆ ರಾತ್ರಿ ಗೊತ್ತಾದರೆ ಏನು ಮಾಡುತ್ತೀಯ? ಅಕ್ಟೋಬರ್ 20ರೊಳಗೆ ಕಳಿಸಿಬಿಡು. ಕ್ಯಾಲಿಫೋರ್ನಿಯಾ ಅರ್ಜಿಯನ್ನು ಅಕ್ಟೋಬರ್ 1ರಿಂದಲೇ ತೆಗೆದುಕೊಳ್ಳುತ್ತಾರೆ. ಕೊನೇ ದಿನ ನವೆಂಬರ್ 30, ಅದು ವಾರಾಂತ್ಯಕ್ಕೆ ಬಿದ್ದರೆ ಒಂದೆರಡು ದಿನ ಮುಂದೆ ಹೋಗಬಹುದು. ಅಷ್ಟು ದಿನ ಕಾಯುವ ಅಗತ್ಯ ನಿನಗಿಲ್ಲ.

ಆಗ ಎಂಐಟಿ. ಅದು ಕಾಮನ್ ಆ್ಯಪ್‌ನಲ್ಲಿಲ್ಲ, ತನ್ನದೇ ಅರ್ಜಿ ಇದೆ. ಒಂದು ದೊಡ್ಡ ಎಸ್ಸೇ ಬದಲು ಚಿಕ್ಕ ಚಿಕ್ಕ ಉತ್ತರ ಕೇಳುತ್ತಾರೆ. ಚಿಕ್ಕದಾಗಿ ಬರೆಯುವುದೇ ಕಷ್ಟ, ಅಲ್ವಾ? ರೆಗ್ಯುಲರ್ ಸುತ್ತಿಗೆ ಜನವರಿ ಮೊದಲ ವಾರದವರೆಗೆ ಸಮಯವಿದ್ದರೂ ನವೆಂಬರ್‌ನಲ್ಲೇ ಮುಗಿಸು. ಡಿಸೆಂಬರ್ ಪೂರ್ತಿ ಜೆಇಇ ಮತ್ತು ಬೋರ್ಡ್ ಪರೀಕ್ಷೆಯ ಓದಿಗೆ ಸಿಗುತ್ತದೆ.

ಪ್ರಶ್ನೆ: ನನ್ನ ಮಗ ಒಂದು ಕಾಲೇಜಿಗೆ ಅರ್ಲಿ ಡಿಸಿಷನ್, ಅಂದರೆ ಸೀಟು ಸಿಕ್ಕರೆ ಅಲ್ಲಿಗೇ ಸೇರಬೇಕು ಅನ್ನುವ ಅರ್ಜಿ, ಹಾಕುತ್ತಾನೆ. ಮಿಕ್ಕ ಏಳು ಕಾಲೇಜುಗಳ ಎಸ್ಸೇಗಳನ್ನು ಅದರ ರಿಸಲ್ಟ್ ನೋಡಿಕೊಂಡು ಬರೀತೀನಿ, ಸುಮ್ನೆ ಈಗಲೇ ಯಾಕೆ ಅಂತಾನೆ. ಸರಿಯೇ? – ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಸರಿಯಲ್ಲ ಸರ್. ನವೆಂಬರ್ ಮೊದಲ ವಾರ ಹಾಕಿದ ಅರ್ಲಿ ಡಿಸಿಷನ್‌ನ ಉತ್ತರ ಬರುವುದು ಡಿಸೆಂಬರ್ ಮಧ್ಯದಲ್ಲಿ. ಬೇರೆ ಕಾಲೇಜುಗಳ ಕೊನೇ ದಿನ ಹೆಚ್ಚಾಗಿ ಜನವರಿ 1ರ ಆಸುಪಾಸು. ನಡುವೆ ಉಳಿಯುವುದು ಎರಡು ವಾರ. ಇಲ್ಲ ಅಂತ ಉತ್ತರ ಬಂದರೆ ಹುಡುಗ ಮೂರು ನಾಲ್ಕು ದಿನ ಸರಿಯಾಗಿ ಊಟವನ್ನೂ ಮಾಡುವುದಿಲ್ಲ. ಆ ಮನಸ್ಸಿನಲ್ಲಿ ‘ನಿಮ್ಮ ಕಾಲೇಜು ಅಂದರೆ ನನಗೆ ಯಾಕಿಷ್ಟ’ ಅಂತ ಏಳು ಸಲ ಬರೆಯಬೇಕು. ಅಂಥ ಎಸ್ಸೇಗಳನ್ನು ನಾನು ಓದಿದ್ದೇನೆ. ಒಂದೊಂದು ಸಾಲಿನಲ್ಲೂ ದಣಿವು ಕಾಣುತ್ತದೆ. ನವೆಂಬರ್‌ನಲ್ಲೇ ಏಳನ್ನೂ ಬರೆಸಿ. ಕಳಿಸುವುದನ್ನು ಮಾತ್ರ ರಿಸಲ್ಟ್ ಬರುವವರೆಗೆ ತಡೆಯಿರಿ. ಸೀಟು ಸಿಕ್ಕರೆ ಅವುಗಳ ಅರ್ಜಿ ಫೀಸಾದರೂ ಉಳಿಯುತ್ತದೆ.