18ನೇ ಶತಮಾನದ ಫಿಲಡೆಲ್ಫಿಯಾ ಪತ್ರಿಕೆಗಳ ಮುಖಪುಟದಲ್ಲಿ ಹಡಗುಗಳ ಪ್ರಕಟಣೆಗಳೇ ಏಕೆ ತುಂಬಿರುತ್ತಿದ್ದವು?

ಡೆಲವೇರ್ ನದಿಯ ಹಡಗುಕಟ್ಟೆಗಳನ್ನೇ ನೆಚ್ಚಿಕೊಂಡಿದ್ದ ಆ ಊರಿನ ವರ್ತಕರಿಗೆ ಅವೇ ಅತ್ಯಗತ್ಯ ಸುದ್ದಿಯಾಗಿದ್ದವು. ಹಡಗಿನ ಪುಟ್ಟ ಮರದಚ್ಚಿನ ಚಿತ್ರದ ಕೆಳಗೆ ಹಡಗಿನ ಹೆಸರು, ಕಪ್ತಾನ, ತಲುಪುವ ಬಂದರು, ಸರಕು ಸಾಗಣೆ ಅಥವಾ ಪ್ರಯಾಣಕ್ಕಾಗಿ ಯಾರನ್ನು ಕಾಣಬೇಕೆಂಬ ವಿವರ ಇರುತ್ತಿದ್ದವು. ಗಾಳಿಯನ್ನೂ ಸರಕು ತುಂಬುವುದನ್ನೂ ಕಾಯಬೇಕಿದ್ದರಿಂದ ಹೊರಡುವ ದಿನವನ್ನು ಖಚಿತವಾಗಿ ಹೇಳದೆ, ಬಹುಪಾಲು ಸರಕು ಸಿದ್ಧವಿದೆ, ಬೇಗನೆ ಹೊರಡಲಿದೆ ಎಂದಷ್ಟೇ ಬರೆಯುವುದು ರೂಢಿಯಾಗಿತ್ತು. ಯಾವ ಹಡಗು ಬಂತು, ಯಾವುದು ಹೊರಟಿತು ಎಂಬುದು ಪತ್ರಿಕೆಯಲ್ಲಿನ ಸುಂಕದ ಕಟ್ಟೆಯ ಪಟ್ಟಿಯಿಂದ ತಿಳಿಯುತ್ತಿತ್ತು. ವೆಸ್ಟ್ ಇಂಡೀಸ್‌ನ ಸಕ್ಕರೆ, ರಮ್ ಮಾರಾಟದ ಪಕ್ಕದಲ್ಲಿಯೇ ಗುಲಾಮರನ್ನು ಮಾರುವ ಪ್ರಕಟಣೆಗಳೂ ಅಚ್ಚಾಗುತ್ತಿದ್ದುದನ್ನು ಮರೆಯಬಾರದು. ಜಾಹೀರಾತುಗಳಿಗೆ ಎಷ್ಟು ಬೇಡಿಕೆಯಿತ್ತೆಂದರೆ, 1784ರಲ್ಲಿ ದಿನಪತ್ರಿಕೆಯಾದ ‘ಪೆನ್ಸಿಲ್ವೇನಿಯಾ ಪ್ಯಾಕೆಟ್’ ತನ್ನ ಹೆಸರಿಗೇ ‘ಡೈಲಿ ಅಡ್ವರ್ಟೈಸರ್’ (ದಿನವೂ ಜಾಹೀರಾತು ಕೊಡುವ ಪತ್ರಿಕೆ) ಎಂದು ಸೇರಿಸಿಕೊಂಡಿತು.