ರಂಗ ಸಂವಾದ: ಅಜ್ಜಿ ಹೇಳಿದ ಮಾತು ಯಾರಿಗೆ ಸೇರಿದ್ದು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹವ್ಯಾಸಿ ತಂಡ. ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಊರು ಬಿಟ್ಟ ಹಿರಿಯರ ನೆನಪುಗಳನ್ನು ದಾಖಲಿಸಿಕೊಂಡು ನಾಟಕ ಕಟ್ಟುತ್ತಿದ್ದೇವೆ. ಪರಿಹಾರದ ಹಣವನ್ನು ಮನೆಯ ಗಂಡಸರೇ ಪಡೆದರು, ತನ್ನನ್ನು ಒಂದು ಮಾತೂ ಕೇಳಲಿಲ್ಲ ಎಂದು ಒಬ್ಬ ಅಜ್ಜಿ ಹೇಳಿದ್ದರು. ಅದನ್ನು ಆಡಬಾರದೆಂದು ಈಗ ಅವರ ಮಗ ತಕರಾರು ತೆಗೆದಿದ್ದಾರೆ. ಅಜ್ಜಿ ಸುಮ್ಮನಿದ್ದಾರೆ. ಆ ದೃಶ್ಯವನ್ನು ಇಟ್ಟುಕೊಳ್ಳಬಹುದೇ?

ಉತ್ತರ: ಸದ್ಯಕ್ಕೆ ಇಟ್ಟುಕೊಳ್ಳಬೇಡಿ. ಅಜ್ಜಿಯ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು, ಮಗನ ತಕರಾರನ್ನು ಅಜ್ಜಿಯ ನಿರಾಕರಣೆಯೆಂದೂ ತಿಳಿಯಬಾರದು. ತಂಡದ ಒಬ್ಬ ಹೆಣ್ಣುಮಗಳು ರೆಕಾರ್ಡರ್ ಇಲ್ಲದೆ ಅವರ ಮನೆಗೆ ಹೋಗಿ, ಅಡಿಕೆ ಸುಲಿಯುತ್ತಲೋ ಸೊಪ್ಪು ಸೋಸುತ್ತಲೋ ಅವರೊಡನೆ ಒಂದು ಮಧ್ಯಾಹ್ನ ಕಳೆದು ಅವರ ಮನಸ್ಸು ತಿಳಿಯಲಿ.

ಆ ದೃಶ್ಯವನ್ನು ಬಿಡಲು ನಿಮಗೆ ಮನಸ್ಸಾಗದಿರುವುದು ನನಗೆ ಅರ್ಥವಾಗುತ್ತದೆ. ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆಯ ಊರುಗಳು ನೀರಿನಡಿ ಸೇರಿದ ಕಥೆಯಲ್ಲಿ ಅಡಿಗಳ ಲೆಕ್ಕ, ವಿದ್ಯುತ್ತಿನ ಲೆಕ್ಕ, ಎಕರೆಗಳ ಲೆಕ್ಕ ಕಾಗದದಲ್ಲಿ ಸಿಗುತ್ತವೆ. ಗದ್ದೆಯ ಪಹಣಿ ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿದ್ದ ಕಾಲದಲ್ಲಿ ಹೆಂಗಸು ಏನನ್ನು ಕಳೆದುಕೊಂಡಳೆಂಬುದನ್ನು ಅವಳ ಬಾಯಿಂದಲೇ ಕೇಳಬೇಕು. ಸಾಗರ ತಾಲ್ಲೂಕಿನ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ನೆನಪಿನಲ್ಲೂ ಇದೇ ಕೊರತೆಯಿದೆ. ಗೇಣಿಯ ಭತ್ತ ಅಳೆಯುವ ಕೊಳಗದ ತಕರಾರು, ಸಾಗರಕ್ಕೆ ಬಂದ ಸಮಾಜವಾದಿ ನಾಯಕ ಲೋಹಿಯಾ ಅವರ ಬಂಧನ ನಮಗೆ ಗೊತ್ತು. ಗಂಡಸರು ಜೈಲಿನಲ್ಲಿದ್ದಾಗ ಗೇಣಿದಾರರ ಮನೆಗಳಲ್ಲಿ ಒಲೆ ಹೇಗೆ ಉರಿಯಿತು ಎಂದು ಕೇಳಿದವರು ಕಡಿಮೆ.

ಹಾಗೆಂದು, ಬೇರೆ ದಾಖಲೆಯಿಲ್ಲದ ಮಾತು ನಮ್ಮ ಕೈಗೆ ಬಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ನಾಟಕ ಮುಗಿದ ಮೇಲೆ ನೀವು ಮುಂದಿನ ಊರಿಗೆ ಹೋಗುತ್ತೀರಿ, ಅಜ್ಜಿ ಮಾತ್ರ ಅದೇ ಮಗನ ಮನೆಯ ಜಗಲಿಯಲ್ಲಿ ಕೂರಬೇಕು. ಹೆಸರು ಬದಲಿಸಿದರೆ ಸಾಕೆಂದು ಹಲವರು ಹೇಳುತ್ತಾರೆ. ಹತ್ತು ಮನೆಗಳ ಕೇರಿಯಲ್ಲಿ ಎಮ್ಮೆಯ ಹೆಸರು ಕೇಳಿದರೂ ಅದು ಯಾರ ಮನೆಯ ಕಥೆಯೆಂದು ಜನ ಹೇಳಿಬಿಡುತ್ತಾರೆ. ಇದಕ್ಕಿಂತ ಬೇರೆ ಬೇರೆ ಊರಿನ ಇನ್ನೂ ಕೆಲವು ಹೆಂಗಸರನ್ನು ಕಂಡು, ಪರಿಹಾರದ ಹಣದ ಬಗ್ಗೆ ನೇರವಾಗಿ ಕೇಳದೆ, ಊರು ಬಿಡುವ ದಿನ ಗಾಡಿಗೆ ಏನೇನು ಏರಿಸಿದಿರಿ, ಭೂಮಿ ಹುಣ್ಣಿಮೆ ಹಬ್ಬಕ್ಕೆ ಚಿತ್ತಾರ ಬರೆಯುವ ಬುಟ್ಟಿಯನ್ನು ತಂದಿರಾ, ಹೊಸ ಜಾಗದಲ್ಲಿ ಮೊದಲ ವರ್ಷ ಹಬ್ಬ ಮಾಡಿದಿರಾ ಎಂದು ಕೇಳಿ ನೋಡಿ. ವಸ್ತುಗಳ ಮಾತು ತೆಗೆದರೆ ದುಡ್ಡಿನ ಮಾತು ತಾನಾಗಿ ಬರುತ್ತದೆ. ಹಲವರು ಹೇಳಿ, ಹಲವರು ಒಪ್ಪಿದ ಮೇಲೆ ಕಟ್ಟಿದ ಪಾತ್ರ ಒಬ್ಬರ ಮೇಲೆ ಭಾರ ಹಾಕುವುದಿಲ್ಲ.

ಮೊದಲ ಪ್ರದರ್ಶನವನ್ನು ಶಿವಮೊಗ್ಗದ ರಂಗಮಂದಿರದಲ್ಲಿ ಇಡಬೇಡಿ. ಕಥೆ ಕೊಟ್ಟವರ ಅಂಗಳದಲ್ಲಿ, ಅವರ ಮುಂದೆ ಆಡಿ, ಅವರು ಬೇಡವೆಂದದ್ದನ್ನು ಅಲ್ಲೇ ತೆಗೆಯಿರಿ. 1975ರಲ್ಲಿ ಹುಟ್ಟಿದ ‘ಸಮುದಾಯ’ ಎಂಬ ರಂಗತಂಡ ನಾಟಕವನ್ನು ಬೀದಿಗೆ ತಂದಿತು, ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ಊರೂರು ಸುತ್ತುವ ತಂಡ ‘ತಿರುಗಾಟ’ ಅದನ್ನು ಸಣ್ಣ ಊರುಗಳಿಗೆ ಒಯ್ದಿತು. ಇವೆರಡರ ಋಣವೂ ನಮ್ಮ ಮೇಲಿದೆ. ಆದರೆ ಊರಿಗೆ ನಾಟಕ ಒಯ್ಯುವ ಕೆಲಸಕ್ಕೂ ಊರಿನ ಮಾತಿನಿಂದಲೇ ನಾಟಕ ಕಟ್ಟುವ ಕೆಲಸಕ್ಕೂ ಜವಾಬ್ದಾರಿ ಬೇರೆ. ಬ್ರೆಜಿಲಿನ ರಂಗಕರ್ಮಿ ಆಗಸ್ಟೊ ಬೋಲ್ ರೂಪಿಸಿದ ಒಂದು ಕ್ರಮದಲ್ಲಿ, ಪಾತ್ರಕ್ಕೆ ಅನ್ಯಾಯವಾಗುವ ಘಟ್ಟದಲ್ಲಿ ಆಟವನ್ನು ನಿಲ್ಲಿಸಿ, ಪ್ರೇಕ್ಷಕರೇ ರಂಗಕ್ಕೆ ಬಂದು ಆ ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ತೋರಿಸಬಹುದು. ಅಜ್ಜಿ ಒಪ್ಪಿದರೆ, ಆ ಹೊತ್ತಿಗೆ ಮಗನನ್ನೂ ಅಂಗಳಕ್ಕೆ ಕರೆಯಿರಿ.

ಪ್ರಶ್ನೆ: ಹಿರಿಯರ ಆಡುಮಾತನ್ನು ಪಟ್ಟಣದ ಪ್ರೇಕ್ಷಕರಿಗಾಗಿ ತಿದ್ದಬೇಕೇ?

ಉತ್ತರ: ಬೇಡ. ಒಂದೆರಡು ಪದ ತಿಳಿಯದಿದ್ದರೂ ಮಾತಿನ ಧಾಟಿಯಿಂದ ಅರ್ಥ ಆಗುತ್ತದೆ. ಮಾತಿನ ನಡುವೆ ಅವರು ತಡೆದು ನಿಂತ ಜಾಗಗಳನ್ನೂ ನಟರು ಹಾಗೆಯೇ ಕಲಿಯಲಿ. ಧ್ವನಿಮುದ್ರಣದ ಒಂದೊಂದು ಪ್ರತಿಯನ್ನು, ತುಂಡರಿಸದೆ, ಹೇಳಿದವರ ಕೈಗೇ ಕೊಟ್ಟು ಬನ್ನಿ.