ಪಿ.ಎಫ್., ಹೆರಿಗೆ ರಜೆ, ಗ್ರಾಚ್ಯುಟಿ, ನಾಮಿನಿ: ವಿಶ್ವವಿದ್ಯಾಲಯ ಸಿಬ್ಬಂದಿಯ ಪ್ರಶ್ನೆಗಳಿಗೆ ಉತ್ತರ

ಯಾವುದಾದರೂ ಸರ್ಕಾರಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋಗಿ ನೋಡಿ. ಒಂದೇ ಕೋಣೆಯಲ್ಲಿ ನಾಲ್ಕು ಬಗೆಯ ನೌಕರರು ಕೂತಿರುತ್ತಾರೆ. 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದ ಕಾಯಂ ನೌಕರರಿಗೆ ಹಳೇ ಪಿಂಚಣಿ. ಆಮೇಲೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ಸಂಬಳದಿಂದ ವಂತಿಗೆ ಕಟ್ಟುವ ಹೊಸ ಪಿಂಚಣಿ. ಪಕ್ಕದ ಮೇಜಿನವರು ಗುತ್ತಿಗೆ. ಕಿಟಕಿ ಹತ್ತಿರ ಕೂತವರು ಏಜೆನ್ಸಿ ಮೂಲಕ ಬಂದವರು. ಎಲ್ಲರೂ ಅದೇ ಅಂಕಪಟ್ಟಿಗಳನ್ನೇ ನೋಡುತ್ತಾರೆ. ಆದರೆ ಕಾಯಿಲೆ ಬಿದ್ದಾಗ, ಮಗು ಹುಟ್ಟಿದಾಗ, ಕೆಲಸ ಬಿಟ್ಟಾಗ ಒಬ್ಬೊಬ್ಬರ ಕೈಗೆ ಸಿಗುವುದು ಒಂದೊಂದು ಥರ.

ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ. ಕೇಳಿದವರ ಹೆಸರು, ಸಂಸ್ಥೆ ಹಾಕಿಲ್ಲ.

ಪ್ರಶ್ನೆ: ನಾನು ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್. ಆರು ವರ್ಷ ಆಯಿತು. ಅಷ್ಟರಲ್ಲಿ ಮೂರು ಏಜೆನ್ಸಿ ಬದಲಾಗಿವೆ. ಪ್ರತಿ ತಿಂಗಳು ಸಂಬಳದಲ್ಲಿ ಪಿ.ಎಫ್. ಹಿಡಿಯುತ್ತಾರೆ. ಮೊನ್ನೆ ಮೊಬೈಲಿನಲ್ಲಿ ಪಾಸ್‌ಬುಕ್ ನೋಡಿದರೆ 14 ತಿಂಗಳು ಏನೂ ಜಮಾ ಆಗಿಲ್ಲ. ಕಚೇರಿಯಲ್ಲಿ ಕೇಳಿದರೆ "ಏಜೆನ್ಸಿಯವರನ್ನು ಕೇಳಿ" ಅಂತಾರೆ. ಏಜೆನ್ಸಿಯವರು ಫೋನ್ ಎತ್ತುವುದಿಲ್ಲ. ಏನು ಮಾಡಲಿ?

ಮೊದಲು ಹಣ ಎಷ್ಟು ಅಂತ ನೋಡೋಣ. ನಿಮ್ಮ ಪಿ.ಎಫ್. ಲೆಕ್ಕದ ವೇತನ 15,000 ರೂಪಾಯಿ ಅಂತ ಇಟ್ಟುಕೊಳ್ಳಿ. ನಿಮ್ಮ ಪಾಲು ಶೇ 12, ಅಂದರೆ 1,800. ಉದ್ಯೋಗದಾತರ ಪಾಲು ಇನ್ನೊಂದು 1,800. ಆ ಎರಡನೆಯದರಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ, ಉಳಿದ 550 ಪಿ.ಎಫ್.ಗೆ ಸೇರುತ್ತದೆ. ಹದಿನಾಲ್ಕು ತಿಂಗಳಿಗೆ ಒಟ್ಟು 50,400 ರೂಪಾಯಿ. ಇದಕ್ಕೆ ಬಡ್ಡಿ ಬೇರೆ. ಜೊತೆಗೆ ಪಿ.ಎಫ್. ಸದಸ್ಯರಿಗೆ ಇಡಿಎಲ್‌ಐ ಅಂತ ವಿಮೆ ಇದೆ. ಸೇವೆಯಲ್ಲಿರುವಾಗ ಸದಸ್ಯರು ತೀರಿಕೊಂಡರೆ ಕುಟುಂಬಕ್ಕೆ 7 ಲಕ್ಷದವರೆಗೆ ಸಿಗುತ್ತದೆ. ಇದಕ್ಕೆ ನೀವು ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ, ಉದ್ಯೋಗದಾತರೇ ಕಟ್ಟಬೇಕು. ಹಾಗಾಗಿ ಜಮಾ ತಪ್ಪಿದರೆ ಪೆಟ್ಟು ಬೀಳುವುದು ಉಳಿತಾಯಕ್ಕೆ ಮಾತ್ರ ಅಲ್ಲ.

"ಏಜೆನ್ಸಿಯವರನ್ನು ಕೇಳಿ" ಎಂಬ ಉತ್ತರ ತಪ್ಪು. ಇದನ್ನು ನಾನು ಒತ್ತಿ ಹೇಳುತ್ತೇನೆ. ಪಿ.ಎಫ್. ನಿಯಮದ ಪ್ರಕಾರ ಗುತ್ತಿಗೆದಾರರ ಮೂಲಕ ಬಂದ ನೌಕರರ ವಂತಿಗೆಗೂ ಮುಖ್ಯ ಉದ್ಯೋಗದಾತರೇ ಹೊಣೆ. ನಿಮ್ಮ ವಿಷಯದಲ್ಲಿ ಮುಖ್ಯ ಉದ್ಯೋಗದಾತ ಎಂದರೆ ವಿಶ್ವವಿದ್ಯಾಲಯ. ಏಜೆನ್ಸಿ ಓಡಿಹೋದರೂ ಈ ಹೊಣೆ ಹೋಗುವುದಿಲ್ಲ. ನೌಕರನ ಸಂಬಳದಿಂದ ಹಿಡಿದ ಹಣ ಕಟ್ಟದೇ ಇಟ್ಟುಕೊಂಡರೆ ಕಾನೂನು ಅದನ್ನು ನಂಬಿಕೆ ದ್ರೋಹದ ಅಪರಾಧ ಅಂತಲೇ ಎಣಿಸುತ್ತದೆ.

ಇನ್ನು ದಾರಿ. ಬಾಯಿಮಾತಿನಲ್ಲಿ ಕೇಳುವುದನ್ನು ಇವತ್ತೇ ನಿಲ್ಲಿಸಿ. ಕುಲಸಚಿವರಿಗೆ ಒಂದು ಪುಟದ ಅರ್ಜಿ ಬರೆಯಿರಿ, ಹಣಕಾಸು ಅಧಿಕಾರಿಗೆ ಒಂದು ಪ್ರತಿ ಕೊಡಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಜಮಾ ಆಗಿಲ್ಲ, ಆಗ ಯಾವ ಏಜೆನ್ಸಿ ಇತ್ತು, ಇಷ್ಟು ಸಾಕು. ಸಂಬಳ ಚೀಟಿಗಳ ಜೆರಾಕ್ಸ್ ಲಗತ್ತಿಸಿ. ಸಂಬಳ ಚೀಟಿ ಕೊಟ್ಟಿಲ್ಲವಾದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಹಾಜರಾತಿ ಪ್ರತಿ ಇಡಿ. ಅರ್ಜಿಯನ್ನು ಟಪಾಲು ವಿಭಾಗಕ್ಕೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಏಜೆನ್ಸಿಯ ಬಿಲ್ ಪಾಸ್ ಮಾಡುವಾಗ ಹಿಂದಿನ ತಿಂಗಳ ಪಿ.ಎಫ್. ಚಲನ್ ನೋಡಿಯೇ ಹಣ ಬಿಡಬೇಕಾದದ್ದು ಹಣಕಾಸು ವಿಭಾಗದ ಕೆಲಸ. ನಿಮ್ಮ ಅರ್ಜಿ ಕಡತಕ್ಕೆ ಸೇರಿದ ಮೇಲೆ "ನಮಗೆ ಗೊತ್ತೇ ಇರಲಿಲ್ಲ" ಎನ್ನುವ ಅವಕಾಶ ಅವರಿಗೆ ಉಳಿಯುವುದಿಲ್ಲ.

ಹದಿನೈದು ದಿನ ಕಾಯಿರಿ. ಏನೂ ಆಗದಿದ್ದರೆ ಪಿ.ಎಫ್. ಸಂಸ್ಥೆಯ ಆನ್‌ಲೈನ್ ದೂರು ಪೋರ್ಟಲ್‌ನಲ್ಲಿ ದೂರು ಹಾಕಿ. ಪ್ರತಿ ತಿಂಗಳು 27ನೇ ತಾರೀಕು ಜಿಲ್ಲೆ ಜಿಲ್ಲೆಯಲ್ಲೂ "ನಿಧಿ ಆಪ್ಕೆ ನಿಕಟ್" ಶಿಬಿರ ನಡೆಯುತ್ತದೆ. ಅಲ್ಲಿಗೆ ಪಿ.ಎಫ್. ಅಧಿಕಾರಿಗಳೇ ಬರುತ್ತಾರೆ. ಒಬ್ಬರೇ ಹೋಗಬೇಡಿ. ನಿಮಗೆ ಜಮಾ ಆಗಿಲ್ಲ ಎಂದರೆ ಅದೇ ಏಜೆನ್ಸಿಯ ಉಳಿದವರಿಗೂ ಆಗಿರುವುದಿಲ್ಲ, ಅಲ್ವಾ? ಎಲ್ಲರೂ ಸಹಿ ಹಾಕಿ ಒಟ್ಟಾಗಿ ಕೊಡಿ. ಒಬ್ಬರನ್ನು ಕೆಲಸದಿಂದ ತೆಗೆಯುತ್ತೇವೆ ಅಂತ ಹೆದರಿಸುವುದು ಸುಲಭ. ನಲವತ್ತು ಜನ ಸಹಿ ಹಾಕಿದ ಮೇಲೆ ಅಷ್ಟು ಸುಲಭವಲ್ಲ.

ಮೂರು ಏಜೆನ್ಸಿ ಅಂದಿರಿ. ಯುಎಎನ್, ಅಂದರೆ ಪಿ.ಎಫ್. ಸದಸ್ಯರಿಗೆ ಕೊಡುವ ಸಂಖ್ಯೆ, ಅದೂ ಮೂರು ಆಗಿದೆಯಾ ನೋಡಿ. ಒಬ್ಬರಿಗೆ ಒಂದೇ ಯುಎಎನ್ ಇರಬೇಕು. ಹಳೆಯದರ ಹಣವನ್ನು ಈಗಿನದಕ್ಕೆ ವರ್ಗಾಯಿಸಿಕೊಳ್ಳಿ. ನಮ್ಮ ಕಡೆ ಇಲ್ಲಿ ಒಂದು ತೊಡಕು ಜಾಸ್ತಿ: ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇರುತ್ತದೆ, ಪಿ.ಎಫ್.ನಲ್ಲಿ ಮುಂದೆ ಇರುತ್ತದೆ. ಅಷ್ಟಕ್ಕೇ ಅರ್ಜಿ ವಾಪಸ್ ಬರುತ್ತದೆ. ಮೊದಲು ಹೆಸರು ಸರಿಮಾಡಿಸಿ.

ಇನ್ನೊಂದು ಮಾತು. ಏಜೆನ್ಸಿ ಬದಲಾದಾಗಲೆಲ್ಲ ಪಿಂಚಣಿ ಭಾಗದ ಹಣ ತೆಗೆದುಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಹತ್ತು ವರ್ಷದ ಸೇವೆ ಕೂಡಿದರೆ 58ನೇ ವಯಸ್ಸಿನಿಂದ ಪಿಂಚಣಿ ಬರುತ್ತದೆ. 15,000 ವೇತನಕ್ಕೆ ಹತ್ತು ವರ್ಷ ಅಂದರೆ ತಿಂಗಳಿಗೆ ಸುಮಾರು 2,142 ರೂಪಾಯಿ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಬದುಕಿರುವವರೆಗೂ ಬರುತ್ತದೆ, ನಿಮ್ಮ ನಂತರ ಮನೆಯವರಿಗೂ ಒಂದು ಭಾಗ ಬರುತ್ತದೆ. ನಿಮಗೆ ಆರು ವರ್ಷ ಆಗಿದೆ. ಇನ್ನು ನಾಲ್ಕೇ ವರ್ಷ.

ಸಂಬಳ ಚೀಟಿಯಲ್ಲಿ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಅಂತ ಶೇ 0.75 ಕಡಿತ ಇದ್ದರೆ ಅದರ ಕಾರ್ಡನ್ನೂ ಕೇಳಿ ಪಡೆಯಿರಿ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಅದು ಅನ್ವಯಿಸುತ್ತದೆ. ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70 ಸಿಗುತ್ತದೆ. ಕಡಿತ ಆಗುತ್ತಿದ್ದರೂ ಕಾರ್ಡ್ ಇದೆ ಎನ್ನುವುದೇ ಗೊತ್ತಿಲ್ಲದೆ, ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಕಟ್ಟಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ನಾನು ಅತಿಥಿ ಉಪನ್ಯಾಸಕಿ. ಮೂರು ವರ್ಷದಿಂದ ಒಂದೇ ವಿಭಾಗದಲ್ಲಿ ಪಾಠ ಮಾಡುತ್ತಿದ್ದೇನೆ. ಈಗ ಆರು ತಿಂಗಳ ಗರ್ಭಿಣಿ. ಹೆರಿಗೆ ರಜೆ ಕೇಳಿದ್ದಕ್ಕೆ "ನೀವು ಕಾಯಂ ಅಲ್ಲ, ಸೆಮಿಸ್ಟರ್ ಮುಗಿದರೆ ನಿಮ್ಮ ಅವಧಿಯೂ ಮುಗಿಯಿತು, ಆಮೇಲೆ ಕಾರ್ಯಭಾರ ಇದ್ದರೆ ನೋಡೋಣ" ಎಂದರು. ನನಗೆ ಹಕ್ಕೇ ಇಲ್ಲವೇ?

ಇದೆ, ತಾಯಿ. ಹೆರಿಗೆ ಸೌಲಭ್ಯದ ಕಾನೂನು ಕಾಯಂ, ಗುತ್ತಿಗೆ ಅಂತ ಭೇದ ಮಾಡುವುದಿಲ್ಲ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಅಷ್ಟೇ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. 2025ರ ನವೆಂಬರ್ 21ರಂದು ಸಂಹಿತೆ ಜಾರಿಗೆ ಬಂತು. ಈ ಹಕ್ಕು ಅದರಲ್ಲಿ ಹಾಗೇ ಉಳಿದಿದೆ.

"ಅವಧಿ ಮುಗಿಯಿತು" ಎನ್ನುವ ಮಾತಿಗೆ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲೇ ಉತ್ತರ ಕೊಟ್ಟಿದೆ. ದೆಹಲಿಯ ಒಂದು ಆಸ್ಪತ್ರೆಯ ಗುತ್ತಿಗೆ ವೈದ್ಯೆಯೊಬ್ಬರು 2017ರ ಜೂನ್ 1ರಿಂದ ಹೆರಿಗೆ ರಜೆ ಕೇಳಿದ್ದರು. ಅವರ ಗುತ್ತಿಗೆ ಜೂನ್ 11ಕ್ಕೆ ಮುಗಿಯುತ್ತಿತ್ತು. ಹನ್ನೊಂದೇ ದಿನದ ಸೌಲಭ್ಯ ಕೊಟ್ಟರು. ಕೋರ್ಟ್ ಅದನ್ನು ಒಪ್ಪಲಿಲ್ಲ. ಅರ್ಹತೆ ಒಮ್ಮೆ ಬಂದ ಮೇಲೆ ಗುತ್ತಿಗೆ ಮುಗಿದರೂ ಪೂರ್ತಿ ಸೌಲಭ್ಯ ಕೊಡಬೇಕು ಎಂದು ತೀರ್ಪು ಬಂತು. ನಿಮ್ಮ ವಿಷಯವೂ ಹೆಚ್ಚುಕಡಿಮೆ ಇದೇ ಅಲ್ವಾ?

ಅದಕ್ಕೇ ಸೆಮಿಸ್ಟರ್ ಮುಗಿಯುವ ಮುಂಚೆಯೇ ಲಿಖಿತ ಅರ್ಜಿ ಕೊಡಿ. ಡಾಕ್ಟರ್ ಬರೆದ ಹೆರಿಗೆ ದಿನಾಂಕದ ಚೀಟಿ, ನಿಮ್ಮ ಆದೇಶ ಪತ್ರ, ತರಗತಿ ತೆಗೆದುಕೊಂಡ ಹಾಜರಾತಿ ಪ್ರತಿ ಜೊತೆಗಿರಲಿ. ವಿಭಾಗದ ಮುಖ್ಯಸ್ಥರ ಮೂಲಕ ಕಳಿಸಿ, ಇನ್ನೊಂದು ಪ್ರತಿಯನ್ನು ನೇರ ಕುಲಸಚಿವರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. "ಆಗುವುದಿಲ್ಲ" ಎಂದರೆ ಅದನ್ನೂ ಬರಹದಲ್ಲೇ ಕೇಳಿ. ಗಂಟೆ ಲೆಕ್ಕದಲ್ಲಿ ಸಂಬಳ ಬಂದರೂ ಚಿಂತೆಯಿಲ್ಲ. ರಜೆಗೆ ಮುಂಚಿನ ಮೂರು ತಿಂಗಳ ಸರಾಸರಿ ಹಿಡಿದು ಲೆಕ್ಕ ಮಾಡುತ್ತಾರೆ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ.

ಆದರೂ ಒಪ್ಪದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಹೈಕೋರ್ಟಿಗೂ ಹೋಗಬಹುದು. ಬೆಂಗಳೂರಿಗೇ ಬರಬೇಕು ಅಂತಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ವಕೀಲರ ಫೀಸಿಗೆ ಹೆದರಬೇಡಿ. ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಇದೆ. ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಇಂಥ ಸಮಯದಲ್ಲಿ ನೀವು ಕಚೇರಿ ಕಚೇರಿ ಅಲೆಯುವುದು ಬೇಡ. ಮನೆಯವರನ್ನು ಕಳಿಸಿ ಮೊದಲು ವಿಚಾರಿಸಿಕೊಂಡು ಬರಲಿ.

ಪ್ರಶ್ನೆ: ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕ. 4 ವರ್ಷ 9 ತಿಂಗಳಾಗಿದೆ. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿದೆ. ಎಚ್.ಆರ್.ನವರು "ಗ್ರಾಚ್ಯುಟಿ ಬೋಧಕರಿಗೆ ಬರುವುದಿಲ್ಲ, ಹೇಗೂ ಐದು ವರ್ಷವೂ ಆಗಿಲ್ಲ" ಎನ್ನುತ್ತಾರೆ. ಸಂಬಳ ಒಟ್ಟು 78,000, ಮೂಲ ವೇತನ 31,200.

ಗ್ರಾಚ್ಯುಟಿ ಎಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಉದ್ಯೋಗದಾತರು ಕೊಡಬೇಕಾದ ಹಣ. ಎಚ್.ಆರ್.ನವರ ಮೊದಲ ಮಾತು ಸುಳ್ಳು. ಎರಡನೆಯದರಲ್ಲಿ ಸ್ವಲ್ಪ ಹುರುಳಿದೆ.

2004ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಕರು ಗ್ರಾಚ್ಯುಟಿ ಕಾಯ್ದೆಯ ಅರ್ಥದಲ್ಲಿ "ನೌಕರ" ಅಲ್ಲ ಎಂದಿದ್ದು ನಿಜ. ಆದರೆ 2009ರಲ್ಲಿ ಸಂಸತ್ತು ತಿದ್ದುಪಡಿ ತಂದು ಬೋಧಕರನ್ನೂ ಸೇರಿಸಿತು, ಅದೂ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ. ಖಾಸಗಿ ಶಾಲೆಗಳವರು ಅದನ್ನೂ ಪ್ರಶ್ನಿಸಿದರು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇನ್ನೂ ಹಳೇ ಮಾತು ಹೇಳುವ ಎಚ್.ಆರ್. ವಿಭಾಗಗಳಿವೆ ಎಂದರೆ ಬೇಸರವಾಗುತ್ತದೆ.

ಐದು ವರ್ಷದ ವಿಷಯಕ್ಕೆ ಬರೋಣ. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಎಂದು ವಾದಿಸಬಹುದು, ಅದಕ್ಕೆ ಹೈಕೋರ್ಟ್ ತೀರ್ಪಿನ ಬೆಂಬಲವೂ ಇದೆ. ಆದರೆ ಸಂಸ್ಥೆ ಒಪ್ಪದಿದ್ದರೆ ವರ್ಷಗಟ್ಟಲೆ ಅಲೆಯಬೇಕಾದವರು ನೀವೇ. ನನ್ನ ಸಲಹೆ ಸರಳ: ಇನ್ನು ಮೂರು ತಿಂಗಳು ತಡೆದುಕೊಳ್ಳಿ. ಮೂರು ತಿಂಗಳ ನೋಟಿಸ್ ಅವಧಿ ಇದ್ದರೆ ರಾಜೀನಾಮೆ ಕೊಟ್ಟು ಅದನ್ನು ಪೂರ್ತಿ ಮಾಡಿ. ಬಿಡುಗಡೆ ಪತ್ರದ ತಾರೀಕು ಸೇರಿದ ದಿನದಿಂದ ಐದು ವರ್ಷ ದಾಟಿರಲಿ. ಹೊಸ ಕೆಲಸದವರು ಸಾಮಾನ್ಯವಾಗಿ ಒಪ್ಪುತ್ತಾರೆ.

ಎಷ್ಟು ಸಿಗುತ್ತದೆ? ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ನಿಮ್ಮ ಮೂಲ ವೇತನ 31,200 ಹಿಡಿದರೆ ಐದು ವರ್ಷಕ್ಕೆ 90,000. ಆದರೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವೂ ವೇತನವೇ ಆಗುತ್ತದೆ. ಆಗ ನಿಮ್ಮ ವೇತನ 39,000 ಎಂದಾಗುತ್ತದೆ, ಗ್ರಾಚ್ಯುಟಿ 1,12,500. ನೀವು ಈಗ ಬಿಡುವವರಾದ್ದರಿಂದ ಈ ಲೆಕ್ಕವನ್ನೇ ಕೇಳಿ. ಬಿಟ್ಟ 30 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬಡ್ಡಿ ಸೇರಿಸಬೇಕು. ಕೊಡದಿದ್ದರೆ ನಿಮ್ಮ ವ್ಯಾಪ್ತಿಯ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ ಅರ್ಜಿ ಹಾಕಿ.

ನಿಮ್ಮ ನೇಮಕ ಪತ್ರವನ್ನು ಒಮ್ಮೆ ತೆಗೆದು ಓದಿ. ಅದರಲ್ಲಿ "ಇಷ್ಟು ವರ್ಷದ ನಿಗದಿತ ಅವಧಿಗೆ" ಎಂದಿದ್ದರೆ ಐದು ವರ್ಷದ ಷರತ್ತು ನಿಮಗಿಲ್ಲ. ಸಂಹಿತೆ ಪ್ರಕಾರ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಆದರೂ ಗ್ರಾಚ್ಯುಟಿ ಇದೆ.

ಪ್ರಶ್ನೆ: ವಿಶ್ವವಿದ್ಯಾಲಯದಲ್ಲಿ ದ್ವಿತೀಯ ದರ್ಜೆ ಸಹಾಯಕ. 2012ರಲ್ಲಿ ಸೇರಿದಾಗ ಎನ್‌ಪಿಎಸ್‌ಗೆ ಅಮ್ಮನನ್ನು ನಾಮಿನಿ ಮಾಡಿದ್ದೆ. 2016ರಲ್ಲಿ ಮದುವೆಯಾಯಿತು, ಎರಡು ಮಕ್ಕಳಿವೆ. ಬದಲಾಯಿಸಬೇಕೇ? ಅಮ್ಮನ ಹೆಸರು ತೆಗೆದರೆ ಅವರಿಗೆ ನೋವಾಗುತ್ತದೆ.

ಬದಲಾಯಿಸಬೇಕು, ಈ ವಾರವೇ. ಎನ್‌ಪಿಎಸ್ ನಿಯಮದಲ್ಲಿ ಮದುವೆಗೆ ಮುಂಚೆ ಮಾಡಿದ ನಾಮನಿರ್ದೇಶನ ಮದುವೆಯಾದ ಮೇಲೆ ನಡೆಯುವುದಿಲ್ಲ. ಹೊಸದಾಗಿ ಮಾಡಲೇಬೇಕು. ಅಂದರೆ ಇವತ್ತಿನ ಲೆಕ್ಕಕ್ಕೆ ನಿಮಗೆ ನಾಮಿನಿಯೇ ಇಲ್ಲ.

ಅಮ್ಮನ ಹೆಸರು ತೆಗೆಯಬೇಕಾಗಿಯೂ ಇಲ್ಲ. ಮೂವರವರೆಗೆ ನಾಮಿನಿ ಇಡಬಹುದು, ಪಾಲನ್ನು ಶೇಕಡಾ ಲೆಕ್ಕದಲ್ಲಿ ನೀವೇ ಬರೆಯಬಹುದು. ಅಮ್ಮ ನಿಮ್ಮ ಆಶ್ರಯದಲ್ಲಿದ್ದರೆ ಅವರಿಗೂ ಒಂದು ಪಾಲು ಇಡಿ. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ, ಎಲ್ಲರಿಗೂ ಗೊತ್ತಿರುವ ಹಾಗೆ ಬರೆಯಿರಿ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಟೆಂಡರ್ ಒಬ್ಬರು ಸೇವೆಯಲ್ಲಿರುವಾಗಲೇ ತೀರಿಕೊಂಡರು. ಕಡತ ತೆಗೆದರೆ ನಾಮಿನಿ ಅವರ ತಂದೆ. ತಂದೆ ಆರು ವರ್ಷ ಮೊದಲೇ ಹೋಗಿದ್ದರು. ಅಟೆಂಡರ್ ಅವರ ಹೆಂಡತಿ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ತಾಲ್ಲೂಕು ಕಚೇರಿ, ಕೋರ್ಟು, ನಮ್ಮ ವಿಭಾಗ ಅಂತ ಹನ್ನೊಂದು ತಿಂಗಳು ಓಡಾಡಿದರು. ಅಷ್ಟು ದಿನವೂ ಹಣ ಅಲ್ಲೇ ಇತ್ತು. ಅವರಿಗೆ ಕೊಡಲು ನಮಗೆ ಒಂದು ಕಾಗದ ಇರಲಿಲ್ಲ.

ಎನ್‌ಪಿಎಸ್ ಆದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಸಿಬ್ಬಂದಿ ವಿಭಾಗಕ್ಕೆ ಹೋಗಿ ನಿಮ್ಮ ಸೇವಾ ಪುಸ್ತಕ ತೆಗೆಸಿ, ಗ್ರಾಚ್ಯುಟಿ ಮತ್ತು ಗುಂಪು ವಿಮೆಯ ನಾಮನಿರ್ದೇಶನ ಯಾರ ಹೆಸರಿನಲ್ಲಿದೆ ನೋಡಿ. ಸಂಬಳ ಬರುವ ಬ್ಯಾಂಕ್ ಖಾತೆಯದ್ದೂ ನೋಡಿ. ಹೊಸ ನಮೂನೆಗಳ ಸೀಲು ಬಿದ್ದ ಪ್ರತಿಗಳನ್ನು ಹೆಂಡತಿಯ ಕೈಗೆ ಕೊಟ್ಟು, ಮನೆಯಲ್ಲಿ ಎಲ್ಲಿಟ್ಟಿದ್ದೀರಿ ಎಂದು ಅಮ್ಮನಿಗೂ ಹೇಳಿ.